ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ, ಮೊದಲು ಅದನ್ನು ನೋಡಿ

ಹಳೆಯ ಕಾರು ನಡುದಾರಿಯಲ್ಲಿ ಕೈಕೊಡುವವರೆಗೂ ನಮಗೆ ಹೊಸ ಕಾರಿನ ಯೋಚನೆ ಬರುವುದಿಲ್ಲ. ಕ್ಲಚ್ ಹೋಯಿತು, ರೇಡಿಯೇಟರ್ ಸೋರಿತು, ಗ್ಯಾರೇಜಿನವರು "ಇನ್ನು ಇದಕ್ಕೆ ದುಡ್ಡು ಸುರೀಬೇಡಿ ಸಾರ್" ಅಂದರು. ಅದೇ ಭಾನುವಾರ ಮನೆಮಂದಿಯೆಲ್ಲ ಶೋರೂಮಿಗೆ ಹೊರಟರು, ಸಂಜೆಯೊಳಗೆ ಬುಕಿಂಗ್ ಮುಗಿಯಿತು. ಅರ್ಧ ಕೆಜಿ ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುವ ನೀವು, ಹತ್ತು ಲಕ್ಷದ ಕಾರು ಕೊಳ್ಳುವಾಗ ಬಣ್ಣ, ಸ್ಕ್ರೀನು, ಸನ್‌ರೂಫು ನೋಡಿ ತಲೆಯಾಡಿಸಿಬಿಡುತ್ತೀರಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಹೇಳಿದ್ದು ಇಂಥ ಭಾನುವಾರಗಳಿಗೇ. ಕಾರು ಪೂರ್ತಿ ಕೆಡುವ ಮುಂಚೆ, ಇನ್ನೂ ಆರು ತಿಂಗಳು ಓಡುತ್ತದೆ ಅನ್ನುವಾಗಲೇ ಹುಡುಕಲು ಶುರುಮಾಡಿ. ಬಗಲಲ್ಲಿ ಓಡುವ ಕಾರಿದ್ದರೆ ಶೋರೂಮಿನಲ್ಲಿ ನಿಮ್ಮ ಮಾತಿಗೂ ತೂಕ ಇರುತ್ತದೆ.

ಈಗ ನೆಂಟರಿಷ್ಟರು ಸಿಕ್ಕಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಎಲೆಕ್ಟ್ರಿಕ್ ತಗೊಳ್ಳೋದಾ, ಹೈಬ್ರಿಡ್ ತಗೊಳ್ಳೋದಾ?" ನಮ್ಮ ಮೈಸೂರಿನ ಮನೆಯಲ್ಲಿ ಹದಿನಾಲ್ಕು ವರ್ಷ ಪೆಟ್ರೋಲ್ ಕಾರಿತ್ತು, ಅದನ್ನು ಕೊಟ್ಟು ಸಣ್ಣದೊಂದು ಎಲೆಕ್ಟ್ರಿಕ್ ಕಾರು ತಂದು ಮೂರು ವರ್ಷವಾಯಿತು. ಹಾಗಾಗಿ ಕೇಳುತ್ತಾರೆ. ನಾನು ತಿರುಗಿ ಕೇಳುವುದೂ ಒಂದೇ: ನಿಮ್ಮ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ?

ಕಾಂಪೌಂಡಿನ ಒಳಗೆ, ನಿಮ್ಮದೇ ಮೀಟರಿನ ಕರೆಂಟು ತಲುಪುವ ಜಾಗದಲ್ಲಿ ನಿಲ್ಲುವುದಾದರೆ ಎಲೆಕ್ಟ್ರಿಕ್ ಕಾರಿನ ಮಾತಾಡೋಣ. ರಸ್ತೆ ಬದಿಯಲ್ಲೋ, ಎದುರಿನ ಖಾಲಿ ಸೈಟಿನಲ್ಲೋ, ಬಾಡಿಗೆ ಮನೆಯ ಮಾಲೀಕರು ಪ್ಲಗ್ ಪಾಯಿಂಟ್ ಕೊಡದ ಜಾಗದಲ್ಲೋ ನಿಲ್ಲುವುದಾದರೆ, ಸದ್ಯಕ್ಕೆ ಆ ಆಸೆ ಬಿಡಿ. ಬೇಸರ ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ. ಮನೆಯಲ್ಲಿ ತೆರಿಗೆಯೆಲ್ಲ ಸೇರಿ ಯೂನಿಟ್ಟಿಗೆ ಆರೇಳು ರೂಪಾಯಿ ಬೀಳುವ ಕರೆಂಟಿಗೆ ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಇಪ್ಪತ್ತರ ಆಸುಪಾಸು ಕೊಡಬೇಕಾಗುತ್ತದೆ. ಜೊತೆಗೆ ಹೋಗಿ ಸಾಲಿನಲ್ಲಿ ನಿಲ್ಲುವ, ಕೆಲವೊಮ್ಮೆ ಮೆಷಿನ್ನು ಕೆಟ್ಟಿದೆ ಅಂತ ಹಿಂದಿರುಗುವ ಹೊತ್ತು ಬೇರೆ. ಯಾವ ಉಳಿತಾಯಕ್ಕೆಂದು ಕಾರು ಕೊಂಡಿರೋ ಅದರ ದೊಡ್ಡ ಭಾಗ ಅಲ್ಲೇ ಕರಗಿಹೋಗುತ್ತದೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಅನ್ನುವ ಗಾದೆ ಎಲ್ಲ ಕಡೆ ಸರಿ, ಇಲ್ಲಿ ಮಾತ್ರ ಕುಲಾವಿಯೇ ಮೊದಲು ಆಗಬೇಕು. ಬುಕಿಂಗಿಗೆ ಮುಂಚೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನ ಕರೆಸಿ. ಮೀಟರ್ ಬೋರ್ಡಿನಿಂದ ನೇರವಾಗಿ, ನಡುವೆ ಬೇರೇನೂ ಸೇರದ ಹಾಗೆ ಒಂದು ಪ್ರತ್ಯೇಕ ಲೈನ್ ಎಳೆಸಿ. ಅದಕ್ಕೆ ತನ್ನದೇ ಎಂಸಿಬಿ, ಸೋರಿಕೆ ಕಂಡರೆ ಕರೆಂಟು ಕಡಿಯುವ ಆರ್‌ಸಿಸಿಬಿ, ಒಳ್ಳೆಯ 16 ಆಂಪಿಯರ್ ಸಾಕೆಟ್ ಹಾಕಿಸಿ, ಅರ್ಥಿಂಗ್ ಅಳೆಸಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜನ್ನೇ ತೆಗೆದುಕೊಳ್ಳುವುದಿಲ್ಲ, ಅದು ಒಳ್ಳೆಯದಕ್ಕೇ. ಮನೆಯ ಮಂಜೂರಾದ ಲೋಡ್ ಎಷ್ಟಿದೆ ಅಂತ ಬಿಲ್ಲಿನಲ್ಲೇ ಬರೆದಿರುತ್ತದೆ, ನೋಡಿ. ಮೂರು ಕಿಲೋವ್ಯಾಟ್ ಇರುವ ಮನೆಯಲ್ಲಿ ಮೂರು ಕಿಲೋವ್ಯಾಟ್ ಎಳೆಯುವ ಚಾರ್ಜರ್ ಹಚ್ಚಿ ಮೇಲೆ ಗೀಸರ್ ಹಾಕಿದರೆ ಏನಾಗುತ್ತದೆ ಅಂತ ನಾನು ಹೇಳಬೇಕೆ? ಬೆಸ್ಕಾಂ, ಸೆಸ್ಕ್, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ನಿಮ್ಮ ಊರಿಗೆ ಯಾವುದೋ ಅಲ್ಲಿ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಿ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಾರು ಬಂದ ಹೊಸದರಲ್ಲಿ, ಸಂಪಿನ ಮೋಟಾರಿಗೆಂದು ಹಾಕಿಸಿದ್ದ ಹಳೆಯ ಸಾಕೆಟ್ಟೇ ಸಾಕು ಅಂದುಕೊಂಡಿದ್ದೆವು. ಹತ್ತನೆಯ ದಿನ ಬೆಳಿಗ್ಗೆ ಸುಟ್ಟ ವಾಸನೆ. ಪ್ಲಗ್ ಪಿನ್ನು ಸಾಕೆಟ್ಟಿಗೆ ಅಂಟಿಕೊಂಡು ಕರಗಿತ್ತು. ಮೋಟಾರು ಹತ್ತು ನಿಮಿಷ ಓಡಿ ನಿಲ್ಲುತ್ತದೆ, ಕಾರು ಹಾಗಲ್ಲ, ಎಂಟೊಂಬತ್ತು ಗಂಟೆ ಬಿಡದೆ ಎಳೆಯುತ್ತದೆ. ಆನೆ ಕೊಂಡು ಅಂಕುಶಕ್ಕೆ ಜಗಳವಾಡಬಾರದು. ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿ, ಕಿಟಕಿಯಿಂದ ವೈರು ಇಳಿಬಿಟ್ಟು ಚಾರ್ಜ್ ಮಾಡುವ ಅಭ್ಯಾಸವಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಮಕ್ಕಳು ಓಡಾಡುವ ಜಾಗ ಅದು.

ಅಪಾರ್ಟ್‌ಮೆಂಟಿನವರು ಸಂಘದ ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳಬೇಡಿ, ಪತ್ರದಲ್ಲಿ ಪಡೆಯಿರಿ. "ನೋಡೋಣ ಬಿಡಿ" ಅಂದಿದ್ದ ಕಾರ್ಯದರ್ಶಿ ಮುಂದಿನ ವರ್ಷ ಬದಲಾಗಿರುತ್ತಾರೆ. ತಳಮಹಡಿಯ ಪಾರ್ಕಿಂಗ್ ಆದರೆ ಜೋರು ಮಳೆಗೆ ಅಲ್ಲಿ ನೀರು ನಿಲ್ಲುತ್ತದೆಯೇ ಅಂತ ವಾಚ್‌ಮನ್‌ನ ಕೇಳಿ. ಅವರಿಗೆ ಗೊತ್ತಿರುವಷ್ಟು ಬಿಲ್ಡರಿಗೂ ಗೊತ್ತಿರುವುದಿಲ್ಲ.

ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಯವರಿಗೆ ಇನ್ನೊಂದು ಮಾತು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಸಣ್ಣ ಎಲೆಕ್ಟ್ರಿಕ್ ಕಾರು, ಯೂನಿಟ್ಟಿಗೆ ಏಳು ಕಿಲೋಮೀಟರ್ ಹಿಡಿದರೆ, ಸುಮಾರು 143 ಯೂನಿಟ್ ತಿನ್ನುತ್ತದೆ. ಈಗ ನಿಮ್ಮ ಮನೆಗೆ 90 ಯೂನಿಟ್ ಸಾಲುತ್ತಿದ್ದರೆ ಕಾರು ಬಂದ ತಿಂಗಳೇ 233 ಆಯಿತು. 200 ದಾಟಿದರೆ ಮೇಲಿನ 33 ಯೂನಿಟ್ಟಿಗೆ ಮಾತ್ರವಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಹಾಗೆಂದು ಹೆದರಬೇಡಿ. ಕಟ್ಟುವ ಆ ಸಾವಿರದ ಐನೂರು, ಸಾವಿರದ ಆರುನೂರರಲ್ಲಿ ಮನೆಯ ದೀಪವೂ ಉರಿಯಿತು, ಕಾರೂ ಓಡಿತು. ಅಷ್ಟೇ ದೂರಕ್ಕೆ ಪೆಟ್ರೋಲ್ ಆರೂವರೆ ಸಾವಿರ ದಾಟುತ್ತದೆ. ಆದರೆ ಲೆಕ್ಕ ಮೊದಲೇ ಗೊತ್ತಿರಲಿ. ಬಿಲ್ಲು ಬಂದ ಮೇಲೆ ಮೀಟರ್ ಓದುವ ಹುಡುಗನ ಮೇಲೆ ಕೂಗಾಡುವುದು ಬೇಡ. ಎಲೆಕ್ಟ್ರಿಕ್ ವಾಹನ ಚಾರ್ಜಿಂಗಿಗೆಂದೇ ಬೇರೆ ದರಪಟ್ಟಿ ಇದೆ. ಪ್ರತ್ಯೇಕ ಮೀಟರ್ ಹಾಕಿಸಿಕೊಳ್ಳುವುದು ನಿಮಗೆ ಒಗ್ಗುತ್ತದೆಯೇ ಅಂತ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ.

ಈಗ ಎರಡನೆಯ ಪ್ರಶ್ನೆ. ತಿಂಗಳಿಗೆ ಎಷ್ಟು ಓಡಿಸುತ್ತೀರಿ? "ತುಂಬಾ ಓಡಿಸ್ತೀವಿ" ಅಂತ ಎಲ್ಲರೂ ಹೇಳುತ್ತಾರೆ. ಓಡೋಮೀಟರ್ ನೋಡಿ, ಕಾರಿನ ವಯಸ್ಸಿನ ತಿಂಗಳುಗಳಿಂದ ಭಾಗಿಸಿ. ಹಿರಿಯ ದಂಪತಿಯೊಬ್ಬರು ಹೀಗೆ ಲೆಕ್ಕ ಹಾಕಿ ತಿಂಗಳಿಗೆ ಮುನ್ನೂರೈವತ್ತು ಕಿಲೋಮೀಟರ್ ಅಂತ ಕಂಡುಕೊಂಡಾಗ ಅವರಿಗೇ ನಂಬಿಕೆ ಬರಲಿಲ್ಲ.

ಪೆಟ್ರೋಲ್ ಲೀಟರಿಗೆ 100 ರೂಪಾಯಿ ಅಂತಿಟ್ಟುಕೊಳ್ಳೋಣ, ಲೆಕ್ಕ ಸುಲಭವಾಗುತ್ತದೆ. ಪೆಟ್ರೋಲ್ ಕಾರು ಲೀಟರಿಗೆ 15 ಕಿಲೋಮೀಟರ್, ಹೈಬ್ರಿಡ್ 20, ಎಲೆಕ್ಟ್ರಿಕ್ ಮೇಲೆ ಹಿಡಿದ ಹಾಗೆ ಯೂನಿಟ್ಟಿಗೆ 7 ಕೊಡುತ್ತದೆ, ಮನೆಯ ಕರೆಂಟು ಯೂನಿಟ್ಟಿಗೆ 7 ರೂಪಾಯಿ. ತಿಂಗಳಿಗೆ 500 ಕಿಲೋಮೀಟರ್ ಓಡಿಸುವವರಿಗೆ ವರ್ಷಕ್ಕೆ ಪೆಟ್ರೋಲ್ ಕಾರಿನಲ್ಲಿ 40,000, ಹೈಬ್ರಿಡ್‌ನಲ್ಲಿ 30,000, ಎಲೆಕ್ಟ್ರಿಕ್‌ನಲ್ಲಿ 6,000 ರೂಪಾಯಿ ಖರ್ಚು. ಅಂಥದ್ದೇ ಪೆಟ್ರೋಲ್ ಕಾರಿಗಿಂತ ಇವೆರಡಕ್ಕೂ ಎರಡೂವರೆ ಲಕ್ಷ ಹೆಚ್ಚು ಕೊಟ್ಟಿದ್ದೀರಿ ಅಂದುಕೊಳ್ಳಿ. ಆ ದುಡ್ಡು ಹಿಂದಕ್ಕೆ ಬರಲು ಎಲೆಕ್ಟ್ರಿಕ್‌ನಲ್ಲಿ ಏಳು ವರ್ಷ ದಾಟುತ್ತದೆ. ಹೈಬ್ರಿಡ್‌ನಲ್ಲಿ ಇಪ್ಪತ್ತೈದು ವರ್ಷ! ಅಷ್ಟು ಹೊತ್ತಿಗೆ ಮೊಮ್ಮಕ್ಕಳು ಲೈಸೆನ್ಸ್ ತೆಗೆದುಕೊಂಡಿರುತ್ತಾರೆ. ಅದೇ ತಿಂಗಳಿಗೆ 1,500 ಓಡಿಸುವವರಾದರೆ ವರ್ಷದ ಖರ್ಚು 1,20,000, 90,000, 18,000. ಎಲೆಕ್ಟ್ರಿಕ್ ಎರಡೂವರೆ ವರ್ಷದಲ್ಲಿ ತನ್ನ ಹೆಚ್ಚಿನ ಬೆಲೆ ತೀರಿಸಿಬಿಡುತ್ತದೆ.

ಹಾಗಾಗಿ ನೇರವಾಗಿ ಹೇಳುತ್ತೇನೆ, ದೇವಸ್ಥಾನ, ಮಾರುಕಟ್ಟೆ, ಆಸ್ಪತ್ರೆಗೆಂದು ತಿಂಗಳಿಗೆ ಮುನ್ನೂರು ನಾನೂರು ಕಿಲೋಮೀಟರ್ ಓಡಿಸುವವರು ಉಳಿತಾಯದ ಹೆಸರಿನಲ್ಲಿ ಎಲೆಕ್ಟ್ರಿಕ್ಕೋ ಹೈಬ್ರಿಡ್ಡೋ ಕೊಳ್ಳಬೇಡಿ. ಹೊಗೆಯಿಲ್ಲ, ಸದ್ದಿಲ್ಲ, ಕ್ಲಚ್ ತುಳಿಯುವ ಮಂಡಿನೋವಿಲ್ಲ ಅನ್ನುವ ಕಾರಣಕ್ಕೆ ಕೊಳ್ಳುವುದಾದರೆ ಖಂಡಿತ ಕೊಳ್ಳಿ, ಅವು ಒಳ್ಳೆಯ ಕಾರಣಗಳೇ. ನಮ್ಮ ಮನೆಯಲ್ಲಿ ಮಂಡಿಯ ಕಾರಣವೂ ಇತ್ತು.

ಹೈಬ್ರಿಡ್ ವಿಷಯದಲ್ಲಿ ಬಹಳ ಜನ ಮೋಸಹೋಗುವುದು ಹೆಸರಿನಿಂದ. ಬೆಳ್ಳಗಿರುವುದೆಲ್ಲ ಹಾಲಲ್ಲ. ಮೈಲ್ಡ್ ಹೈಬ್ರಿಡ್ ಅಂದರೆ ಎಂಜಿನ್ನಿಗೆ ಸ್ವಲ್ಪ ಕೈಜೋಡಿಸುವ ಸಣ್ಣ ಮೋಟಾರ್ ಅಷ್ಟೇ. ಅದು ತಾನಾಗಿ ಚಕ್ರ ತಿರುಗಿಸುವುದಿಲ್ಲ, ಮೈಲೇಜಿನಲ್ಲಿ ಅದರಿಂದ ಸಿಗುವುದೂ ಅಲ್ಪ. ಸ್ಟ್ರಾಂಗ್ ಹೈಬ್ರಿಡ್ ಬೇರೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಂಡು, ನಿಧಾನಗತಿಯಲ್ಲಿ ಎಂಜಿನ್ ಆರಿಸಿ ಮೋಟಾರಿನಲ್ಲೇ ಓಡುತ್ತದೆ. ಪ್ಲಗ್ ಬೇಡ, ಸಾಕೆಟ್ ಬೇಡ. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈರೈಡರ್, ಅದರ ಜೋಡಿ ಮಾರುತಿ ಗ್ರ್ಯಾಂಡ್ ವಿಟಾರಾ ಎರಡರಲ್ಲೂ ಮೈಲ್ಡ್ ಕೂಡ ಇದೆ, ಸ್ಟ್ರಾಂಗ್ ಕೂಡ ಇದೆ. ಹೊರಗಿನಿಂದ ನೋಡಿದರೆ ಒಂದೇ ಕಾರು. ಬುಕಿಂಗ್ ಫಾರಂನಲ್ಲಿ ಯಾವುದು ಅಂತ ಬರೆಸದೆ ಸಹಿ ಹಾಕಬೇಡಿ. ಸ್ಟ್ರಾಂಗ್‌ನಲ್ಲಿ ಬ್ಯಾಟರಿ ಡಿಕ್ಕಿಯ ಜಾಗ ತಿನ್ನುತ್ತದೆ. ಊರಿಗೆ ಹೋಗಿ ಬರುವಾಗ ಅಕ್ಕಿಮೂಟೆ, ತೆಂಗಿನಕಾಯಿ ತರುವವರು ಡಿಕ್ಕಿ ತೆಗೆಸಿ ನೋಡಿಯೇ ಮುಂದುವರಿಯಿರಿ.

ಹಾಗಾದರೆ ಹೈಬ್ರಿಡ್ ಯಾರಿಗೆ? ಪ್ಲಗ್ ಸಿಗದವರಿಗೆ, ದೂರದ ಓಡಾಟ ಹೆಚ್ಚಿರುವವರಿಗೆ, ಮತ್ತು ಬೆಂಗಳೂರಿನ ಹೊರವರ್ತುಲ ರಸ್ತೆಯಂಥ ಕಡೆ ದಿನಾ ತೆವಳುವವರಿಗೆ. ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ ಸಾಮಾನ್ಯ ಪೆಟ್ರೋಲ್ ಕಾರು ಲೀಟರಿಗೆ ಹತ್ತು ಹನ್ನೆರಡಕ್ಕೆ ಇಳಿಯುತ್ತದೆ, ಸ್ಟ್ರಾಂಗ್ ಹೈಬ್ರಿಡ್ ಅಲ್ಲೇ ಇಪ್ಪತ್ತು ಕೊಡುತ್ತದೆ. ಮೇಲಿನ ಇಪ್ಪತ್ತೈದು ವರ್ಷದ ಲೆಕ್ಕ ಅಂಥವರಿಗೆ ಹೊಂದುವುದಿಲ್ಲ. ತಿಂಗಳಿಗೆ 1,500 ತೆವಳುವವರಿಗೆ ಮೂರು ನಾಲ್ಕು ವರ್ಷದ ಆಸುಪಾಸಿನಲ್ಲೇ ದುಡ್ಡು ವಾಪಸ್. ಆದರೆ ಬೆಲೆ ಹದಿನೈದು ಲಕ್ಷ ದಾಟುತ್ತದೆ, ಹಾಸಿಗೆ ಇದ್ದಷ್ಟು ಕಾಲು ಚಾಚಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18 ಪ್ರತಿಶತಕ್ಕೆ ಇಳಿದಿದೆ. ನಾಲ್ಕು ಮೀಟರಿಗಿಂತ ಉದ್ದದ ಈ ಹೈಬ್ರಿಡ್‌ಗಳಿಗೆ 40, ಎಲೆಕ್ಟ್ರಿಕ್ ಕಾರಿಗೆ 5. ಸಣ್ಣ ಪೆಟ್ರೋಲ್ ಕಾರು ಮತ್ತು ಎಲೆಕ್ಟ್ರಿಕ್ ಕಾರಿನ ಬೆಲೆಯ ಅಂತರ ಮೊದಲಿನ ಹಾಗೇ ಇದೆ ಅಂತ ಹಳೆಯ ಲೆಕ್ಕ ಹಿಡಿದು ಕೂರಬೇಡಿ, ಹೊಸ ಬೆಲೆಪಟ್ಟಿ ತರಿಸಿ.

ಎಲೆಕ್ಟ್ರಿಕ್ ಕಾರು ನಮಗೆ ಹೊಸದೇನಲ್ಲ. 2001ರಲ್ಲೇ ಬೆಂಗಳೂರಿನ ರಸ್ತೆಗಳಲ್ಲಿ ಪುಟ್ಟ ರೇವಾ ಓಡಾಡಿತ್ತು. ಸೀಸದ ಬ್ಯಾಟರಿ, ಒಂದು ಚಾರ್ಜಿಗೆ ಎಂಬತ್ತು ಕಿಲೋಮೀಟರ್. ಆಗಿನ ಕಥೆಗಳನ್ನು ಈಗಿನ ಕಾರಿಗೆ ಅಂಟಿಸಬೇಡಿ, ಈಗಿನ ಜಾಹೀರಾತನ್ನು ಹಾಗೇ ನುಂಗಲೂ ಬೇಡಿ. 24 ಯೂನಿಟ್ ಬ್ಯಾಟರಿಯ ಟಾಟಾ ಟಿಯಾಗೊ ಇವಿ 2022ರಲ್ಲಿ ಬಂದಾಗ ಕಂಪನಿ ಹೇಳಿದ್ದು 315 ಕಿಲೋಮೀಟರ್. ಅದು ಪರೀಕ್ಷಾಕೇಂದ್ರದ ಅಂಕಿ. ಎಸಿ ಹಾಕಿ, ನಾಲ್ಕು ಜನ ಕೂತು ಓಡಿಸಿದರೆ ಇನ್ನೂರರ ಆಸುಪಾಸು. ಯಾವ ಕಂಪನಿಯದೇ ಆಗಲಿ, ಹೇಳಿದ್ದರಲ್ಲಿ ಮೂರನೆಯ ಒಂದು ಪಾಲು ಮೊದಲೇ ಕಳೆದು ಉಳಿದದ್ದನ್ನು ನಂಬಿ. ಉಳಿದದ್ದರಲ್ಲೂ ಕೊನೆಯ ಇಪ್ಪತ್ತು ಪ್ರತಿಶತವನ್ನು ಕಷ್ಟಕಾಲಕ್ಕಿಡಿ. ಹೆದ್ದಾರಿಯಲ್ಲಿ ನೂರರ ಮೇಲೆ ಓಡಿಸಿದರೆ, ರಾಯಚೂರು ಕಲಬುರಗಿಯ ಬಿಸಿಲಿನಲ್ಲಿ ಎಸಿ ಪೂರ್ತಿ ಹಾಕಿದರೆ, ಶಿರಾಡಿ ಚಾರ್ಮಾಡಿ ಘಾಟಿ ಹತ್ತಿದರೆ ಇನ್ನೂ ಇಳಿಯುತ್ತದೆ. ಘಾಟಿ ಇಳಿಯುವಾಗ ಒಂದಿಷ್ಟು ಚಾರ್ಜ್ ವಾಪಸ್ ಬರುತ್ತದೆ, ಹತ್ತುವಾಗ ಖರ್ಚಾದಷ್ಟು ಬರುವುದಿಲ್ಲ.

ಇಷ್ಟು ಕೇಳಿದ ಕೂಡಲೇ "ಹಾಗಾದ್ರೆ ದೊಡ್ಡ ಬ್ಯಾಟರಿನೇ ತಗೊಳ್ತೀವಿ" ಅನ್ನುತ್ತೀರಿ. ತಾಳಿ. ದಿನಕ್ಕೆ ನಲವತ್ತು ಕಿಲೋಮೀಟರ್ ಓಡುವವರು ವರ್ಷಕ್ಕೆರಡು ಸಲ ಧರ್ಮಸ್ಥಳಕ್ಕೆ ಹೋಗುವುದಕ್ಕೆಂದು ಮೂರು ನಾಲ್ಕು ಲಕ್ಷ ಹೆಚ್ಚು ಕೊಡುವುದು ಯಾವ ಜಾಣತನ? ಆ ಎರಡು ಸಲಕ್ಕೆ ಟ್ಯಾಕ್ಸಿ ಮಾಡಿ, ಇಲ್ಲವೇ ರಾಜಹಂಸ ಬಸ್ಸು ಹಿಡಿಯಿರಿ. ಉಳಿದ ಮುನ್ನೂರ ಅರವತ್ತು ದಿನಕ್ಕೆ ಸಾಲುವ ಕಾರು ಕೊಳ್ಳಿ. ಮನೆಯಲ್ಲಿ ಇನ್ನೊಂದು ಕಾರಿದ್ದು, ಇದು ಊರೊಳಗಿನ ಓಡಾಟಕ್ಕೆ ಮಾತ್ರ ಅಂದರೆ ಎಂಜಿ ಕಾಮೆಟ್‌ನಂಥ ಪುಟಾಣಿಯೂ ಆಗುತ್ತದೆ. ನಾಲ್ಕೇ ಸೀಟು, ಹಿಂದಿನ ಸೀಟು ಮಡಚದೆ ಸಾಮಾನಿಗೆ ಜಾಗವಿಲ್ಲ ಅನ್ನುವುದು ನೆನಪಿರಲಿ. ಮನೆಗೆ ಇದೊಂದೇ ಕಾರು ಅನ್ನುವವರು ಅಷ್ಟು ಚಿಕ್ಕದಕ್ಕೆ ಹೋಗಬೇಡಿ, ಮತ್ತು ಫಾಸ್ಟ್ ಚಾರ್ಜಿಂಗ್ ಇಲ್ಲದ ಮಾದರಿಯನ್ನು ಕೊಳ್ಳಲೇಬೇಡಿ.

ಬ್ಯಾಟರಿ ಬಾಡಿಗೆಯ ಯೋಜನೆಯನ್ನೂ ಶೋರೂಮಿನವರು ಮುಂದಿಡುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಎಂಜಿ ವಿಂಡ್ಸರ್ ಬಂದಾಗ ಬ್ಯಾಟರಿ ಬಿಟ್ಟು 9.99 ಲಕ್ಷ, ಓಡಿಸಿದ ಕಿಲೋಮೀಟರಿಗೆ 3.50 ರೂಪಾಯಿ ಬ್ಯಾಟರಿ ಬಾಡಿಗೆ ಅಂತ ಸಾರಿದರು. ಮುಂಗಡ ಬೆಲೆ ಕಡಿಮೆ ನಿಜ. ಆದರೆ ಬಾಡಿಗೆಗೆ ಚಾರ್ಜಿನ ಒಂದು ರೂಪಾಯಿ ಸೇರಿಸಿ. ಕಿಲೋಮೀಟರಿಗೆ ನಾಲ್ಕೂವರೆ ಆಯಿತು, ಹೈಬ್ರಿಡ್ಡಿನ ಐದು ರೂಪಾಯಿಗೆ ಹೆಚ್ಚುಕಡಿಮೆ ಸಮ. ಓಡಾಟ ಹೆಚ್ಚಿರುವವರಿಗೆ ಇದು ತಕ್ಕದ್ದಲ್ಲ. ತೆಗೆದುಕೊಳ್ಳುವುದಾದರೆ ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರಿನ ಬಾಡಿಗೆ ಕಟ್ಟಲೇಬೇಕೆಂಬ ಷರತ್ತು ಇದೆಯೇ, ಮುಂದೆ ಮಾರುವಾಗ ಏನು ಕಥೆ, ಕರಾರು ಪತ್ರದಲ್ಲಿ ಓದಿ. ಸಣ್ಣ ಅಕ್ಷರ ಕಾಣದಿದ್ದರೆ ಕನ್ನಡಕ ಹಾಕಿಕೊಳ್ಳಿ, ಮಗನ ಕೈಗೆ ಕೊಟ್ಟು ಸುಮ್ಮನಾಗಬೇಡಿ.

ಬ್ಯಾಟರಿ ಹೋದರೆ ಗತಿಯೇನು ಅನ್ನುವ ಭಯ ಎಲ್ಲರಿಗೂ ಇದೆ. ಬಹುಪಾಲು ಕಂಪನಿಗಳು 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ. ಬ್ಯಾಟರಿಯ ಶಕ್ತಿ ಎಷ್ಟಕ್ಕಿಂತ ಕುಸಿದರೆ ಬದಲಿಸಿಕೊಡುತ್ತೀರಿ, ನಾನು ಮಾರಿದರೆ ಮುಂದಿನವರಿಗೂ ವಾರಂಟಿ ಸಲ್ಲುತ್ತದೆಯೇ ಅಂತ ಕೇಳಿ, ಬರೆಸಿಕೊಳ್ಳಿ. ಎಲ್‌ಎಫ್‌ಪಿ ಬ್ಯಾಟರಿಯೋ ಎನ್‌ಎಂಸಿಯೋ ಅಂತ ಬ್ಯಾಟರಿಯ ಬಗೆಯನ್ನೂ ಕೇಳಿ. ಎಲ್‌ಎಫ್‌ಪಿಯನ್ನು ಆಗಾಗ ಪೂರ್ತಿ ನೂರಕ್ಕೆ ತುಂಬಿಸಬೇಕು, ಇಲ್ಲದಿದ್ದರೆ ಎಷ್ಟು ಉಳಿದಿದೆ ಅನ್ನುವ ಅಂದಾಜು ಕಾರಿಗೇ ತಪ್ಪುತ್ತದೆ. ಎನ್‌ಎಂಸಿಯಾದರೆ ದಿನನಿತ್ಯ ಎಂಬತ್ತಕ್ಕೆ ನಿಲ್ಲಿಸಿ. ಎರಡನ್ನೂ ಬರಿದಾಗಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಅಮೆರಿಕದ ಮಗಳ ಮನೆಗೆ ಆರು ತಿಂಗಳು ಹೋಗುವವರು ಅರ್ಧದಷ್ಟು ಚಾರ್ಜ್ ಇಟ್ಟು, ಹದಿನೈದು ದಿನಕ್ಕೊಮ್ಮೆ ಓಡಿಸಲು ಯಾರಿಗಾದರೂ ಕೀ ಕೊಟ್ಟು ಹೋಗಿ. ಎಲೆಕ್ಟ್ರಿಕ್ ಕಾರಿನಲ್ಲೂ ಮಾಮೂಲಿ 12 ವೋಲ್ಟ್ ಬ್ಯಾಟರಿ ಒಂದಿರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ.

ಟೆಸ್ಟ್ ಡ್ರೈವಿಗೆ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂರಿಸಿ. ನೆಲದಡಿ ಬ್ಯಾಟರಿ ಇರುವ ಕೆಲವು ಕಾರುಗಳಲ್ಲಿ ನೆಲ ಎತ್ತರವಾಗಿ ಮಂಡಿ ಮೇಲೇಳುತ್ತದೆ, ತೊಡೆಗೆ ಆಧಾರ ಸಿಗುವುದಿಲ್ಲ. ಡ್ರೈವರ್ ಸೀಟಿನಲ್ಲಿ ಕೂತವರಿಗೆ ಇದು ತಿಳಿಯುವುದೇ ಇಲ್ಲ. ಸ್ಟೆಪ್ನಿ ಇದೆಯೇ ನೋಡಿ. ಕೆಲವದರಲ್ಲಿ ಬರೀ ಪಂಕ್ಚರ್ ಕಿಟ್ ಕೊಡುತ್ತಾರೆ. ಭಾರತ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ಎಷ್ಟು ಸ್ಟಾರ್ ಬಂದಿದೆ ಕೇಳಿ. ನಿಮ್ಮ ಊರಲ್ಲೇ, ದೂರ ಅಂದರೆ ಪಕ್ಕದ ಊರಲ್ಲಿ, ಎಲೆಕ್ಟ್ರಿಕ್ ಕಾರು ರಿಪೇರಿ ಮಾಡಲು ತರಬೇತಿ ಪಡೆದವರಿರುವ ಸರ್ವಿಸ್ ಸೆಂಟರ್ ಇದೆಯೇ ಅನ್ನುವುದು ಸನ್‌ರೂಫಿಗಿಂತ ನೂರು ಪಾಲು ದೊಡ್ಡ ವಿಷಯ.

ದುಡ್ಡಿನ ವಿಷಯದಲ್ಲಿ ಕೇಳಿದ್ದನ್ನೆಲ್ಲ ನಂಬಬೇಡಿ. ಎಲೆಕ್ಟ್ರಿಕ್ ಕಾರಿನ ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ಇದೆ ಅಂತ ಈಗಲೂ ಹೇಳುವವರಿದ್ದಾರೆ. ಆ ವಿನಾಯಿತಿ 2023ರ ಮಾರ್ಚ್ 31ರೊಳಗೆ ಸಾಲ ಮಂಜೂರಾದವರಿಗೆ ಮಾತ್ರ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಮನೆಬಳಕೆಯ ಕಾರಿಗೆ ಸಬ್ಸಿಡಿ ಇಲ್ಲ. ಇರುವ ರಿಯಾಯಿತಿಯನ್ನು ಕೇಳಿ ಪಡೆಯಿರಿ. ಥರ್ಡ್ ಪಾರ್ಟಿ ವಿಮೆಯ ಕಂತಿನಲ್ಲಿ ಎಲೆಕ್ಟ್ರಿಕ್‌ಗೆ 15 ಪ್ರತಿಶತ, ಹೈಬ್ರಿಡ್‌ಗೆ 7.5 ಪ್ರತಿಶತ ಕಡಿತವಿದೆ. ರಸ್ತೆ ತೆರಿಗೆಯ ನಿಯಮ ಬಜೆಟ್ಟಿಗೊಮ್ಮೆ ಬದಲಾಗುತ್ತಿರುತ್ತದೆ, ಆದ್ದರಿಂದ ಎಲ್ಲ ಸೇರಿದ ಆನ್-ರೋಡ್ ಬೆಲೆಯನ್ನು ಬಿಡಿಬಿಡಿಯಾಗಿ ಕಾಗದದ ಮೇಲೆ ಬರೆಸಿ.

ಇನ್ನು ಇಷ್ಟು ವರ್ಷ ನಿಮ್ಮನ್ನು ಹೊತ್ತ ಹಳೆಯ ಕಾರು. ಎಕ್ಸ್‌ಚೇಂಜಿನಲ್ಲಿ ಶೋರೂಮಿನವರು ಹೇಳಿದ ಬೆಲೆಗೆ ಒಪ್ಪುವ ಮುಂಚೆ ಹೊರಗೆ ಇಬ್ಬರ ಹತ್ತಿರ ಕೇಳಿ. ಕ್ಲೇಮ್ ಮಾಡದೆ ಐದು ವರ್ಷ ಕಳೆದಿದ್ದರೆ ವಿಮೆಯಲ್ಲಿ 50 ಪ್ರತಿಶತದವರೆಗೆ ನೋ ಕ್ಲೇಮ್ ಬೋನಸ್ ಜಮಾ ಆಗಿರುತ್ತದೆ. ಅದು ಕಾರಿನದಲ್ಲ, ನಿಮ್ಮದು. ಹಳೆಯ ವಿಮಾ ಕಂಪನಿಯಿಂದ ಪತ್ರ ತೆಗೆದುಕೊಂಡು ಹೊಸ ಕಾರಿನ ಸ್ವಂತ ಹಾನಿ ವಿಮೆಗೆ ಹಚ್ಚಿಸಿ, ಸಾವಿರಾರು ರೂಪಾಯಿ ಇಳಿಯುತ್ತದೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತೆ, ಇದನ್ನು ಬಿಟ್ಟು ಬಿಟ್ಟಿ ಸೀಟ್ ಕವರಿಗೆ ಚೌಕಾಸಿ ಮಾಡುವವರೇ ಹೆಚ್ಚು. ಹಳೆಯ ಕಾರಿನ ಫಾಸ್ಟ್ಯಾಗ್ ಮುಚ್ಚಿಸಿ. ಗುಜರಿಗೆ ಹಾಕುವುದಾದರೆ ನೋಂದಾಯಿತ ಕೇಂದ್ರಕ್ಕೇ ಕೊಟ್ಟು, ಕಾರು ಒಪ್ಪಿಸಿದ್ದಕ್ಕೆ ಠೇವಣಿ ಪ್ರಮಾಣಪತ್ರ ಪಡೆಯಿರಿ.

ಮಾರುವುದಾದರೆ ಕೀ ಕೊಟ್ಟ ದಿನವೇ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ಕೊಂಡವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. "ಆಮೇಲೆ ಮಾಡಿಸಿಕೊಳ್ತಾರೆ" ಅಂತ ಬಿಡಬೇಡಿ. ದಾಖಲೆಯಲ್ಲಿ ನಿಮ್ಮ ಹೆಸರು ಇರುವವರೆಗೂ ದಂಡವೂ, ಅಪಘಾತದ ನೋಟಿಸೂ ನಿಮ್ಮ ಬಾಗಿಲಿಗೇ ಬರುತ್ತವೆ. ಒಂದು ತಿಂಗಳು ಬಿಟ್ಟು ಪರಿವಾಹನ್ ತಾಣದಲ್ಲಿ ಆ ನಂಬರ್ ಹಾಕಿ, ಹೆಸರು ಬದಲಾಗಿದೆಯೇ ಅಂತ ನೀವೇ ಕಣ್ಣಾರೆ ನೋಡಿ.